ರಜೆಗೆ ಬರುವ ನೆಂಟರು, ಪುಟ್ಟ ಮಕ್ಕಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬರುವ ರಜೆಯಲ್ಲಿ ನನ್ನ ನಾದಿನಿ, ಅವರ ಯಜಮಾನರು ಮತ್ತು ಇಬ್ಬರು ಮಕ್ಕಳು ಒಂದು ವಾರದ ಮಟ್ಟಿಗೆ ನಮ್ಮ ಮನೆಗೆ ಬರುತ್ತಿದ್ದಾರೆ. ದೊಡ್ಡವನಿಗೆ ಐದು ವರ್ಷ, ಚಿಕ್ಕವಳಿಗೆ ಒಂದೂವರೆ. ಅತ್ತೆಯವರೂ ಜೊತೆಗಿರುತ್ತಾರೆ. ಕಳೆದ ಸಲ ದಿನಕ್ಕೆ ಮೂರು ನಾಲ್ಕು ಜಾಗ ತೋರಿಸಲು ಹೋಗಿ, ಸಂಜೆಯಾಗುವಷ್ಟರಲ್ಲಿ ಮಕ್ಕಳು ರಚ್ಚೆ ಹಿಡಿದು, ದೊಡ್ಡವರೂ ಮುಖ ಗಂಟಿಕ್ಕಿಕೊಂಡು ಮನೆ ಸೇರುವಂತಾಯಿತು. ಈ ಬಾರಿ ನೋಡಬಹುದಾದ ಜಾಗಗಳ ಪಟ್ಟಿಯನ್ನು ಪತ್ರದ ಜೊತೆಗಿಟ್ಟಿದ್ದೇನೆ. ಯಾವುದನ್ನು ಯಾವ ದಿನ ಇಟ್ಟುಕೊಳ್ಳಲಿ?
— ಹೆಸರು, ಊರು ಬೇಡ

ಉತ್ತರ: ನಿಮ್ಮ ಪಟ್ಟಿ ಒಂದು ಪುಟ ತುಂಬಿದೆ, ಆದರೆ ಚಿಕ್ಕವಳು ಮಧ್ಯಾಹ್ನ ಎಷ್ಟು ಹೊತ್ತಿಗೆ ಮಲಗುತ್ತಾಳೆ ಎಂಬುದು ಪತ್ರದಲ್ಲಿ ಎಲ್ಲಿಯೂ ಇಲ್ಲ. ನಾದಿನಿಯವರಿಗೆ ಫೋನ್ ಮಾಡಿ ಮೊದಲು ಅದನ್ನು ಕೇಳಿಕೊಳ್ಳಿ, ವಾರದ ಲೆಕ್ಕಾಚಾರವನ್ನು ಆಮೇಲೆ ಹಾಕಿ. ಅಮೆರಿಕದ ನಿದ್ರಾ ತಜ್ಞರ ಅಕಾಡೆಮಿ 2016ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ 1ರಿಂದ 2 ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, 3ರಿಂದ 5 ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಹೊಸ ಮನೆ, ಹೊಸ ಹಾಸಿಗೆ, ದೊಡ್ಡವರ ಮುಗಿಯದ ಮಾತುಕತೆ ಇವುಗಳ ನಡುವೆ ಮೊದಲ ಒಂದೆರಡು ರಾತ್ರಿ ಮಕ್ಕಳ ನಿದ್ದೆ ಹೇಗೂ ಕೆಡುತ್ತದೆ. ಅದರ ಮೇಲೆ ಮಧ್ಯಾಹ್ನದ ನಿದ್ದೆಯನ್ನೂ ತಪ್ಪಿಸಿದರೆ ಸಂಜೆಯ ರಚ್ಚೆಗೆ ಮಕ್ಕಳನ್ನು ದೂರಿ ಫಲವಿಲ್ಲ.

ಆದ್ದರಿಂದ ದಿನಕ್ಕೆ ಒಂದೇ ಜಾಗ ಸಾಕು. ಬೆಳಿಗ್ಗೆ ಅಲ್ಲಿನ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಹೋದರೆ ಬಿಸಿಲೂ ಕಡಿಮೆ, ಜನಜಂಗುಳಿಯೂ ಕಡಿಮೆ, ಊಟದ ಹೊತ್ತಿಗೆ ಮನೆಗೆ ಮರಳಲೂ ಸಾಧ್ಯ. ಸಂಜೆಗೆ ಮನೆಯ ಹತ್ತಿರವೇ ಇರುವ, ಮಕ್ಕಳು ಓಡಾಡಬಹುದಾದ ಯಾವ ಬಯಲಾದರೂ ಆದೀತು. ಬಂದ ಮರುದಿನ ಎಲ್ಲಿಗೂ ಹೊರಡಬೇಡಿ. ‘ಇಷ್ಟು ದೂರ ಬಂದು ಅದನ್ನು ನೋಡದೆ ಹೋಗುವುದೇ’ ಎಂಬ ಮಾತು ಬಂದೇ ಬರುತ್ತದೆ. ಹಾಗೆನ್ನುವವರು ಸಾಮಾನ್ಯವಾಗಿ ಮಗುವನ್ನು ಎತ್ತಿಕೊಂಡು ನಡೆಯಬೇಕಾದವರಾಗಿರುವುದಿಲ್ಲ.

ಆದರೂ ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ನೋಡಬೇಕೆಂಬ ಆಸೆಯಿರುವ ದೊಡ್ಡವರನ್ನು ಮಗುವಿನ ನಿದ್ದೆಗಾಗಿ ಇಡೀ ವಾರ ಕಟ್ಟಿಹಾಕುವುದು ಸರಿಯಲ್ಲ. ನನ್ನ ದೃಷ್ಟಿಯಲ್ಲಿ ನಿಮ್ಮ ಕಳೆದ ರಜೆಯನ್ನು ಕೆಡಿಸಿದ್ದು, ಎಲ್ಲರೂ ಎಲ್ಲ ಕಡೆಗೂ ಒಟ್ಟಿಗೇ ಹೋಗಬೇಕು ಎಂಬ ಹಟ. ಒಂದು ದಿನ ನಾದಿನಿ ಮತ್ತು ಅವರ ಯಜಮಾನರು ಇಬ್ಬರೇ ದೂರದ ಜಾಗಕ್ಕೆ ಹೋಗಿಬರಲಿ, ಮಕ್ಕಳನ್ನು ಮಾವ ಮತ್ತು ಅಜ್ಜಿ ನೋಡಿಕೊಳ್ಳಲಿ. ಇನ್ನೊಂದು ದಿನ ನಿಮ್ಮ ಯಜಮಾನರು ಐದು ವರ್ಷದವನನ್ನು ಮಾತ್ರ ಕರೆದುಕೊಂಡು ಹೋಗಲಿ. ಎಲ್ಲರೂ ಕೂಡಿ ಹೋಗುವ ದಿನಗಳು ವಾರದಲ್ಲಿ ಎರಡು ಮೂರು ಇದ್ದರೆ ಧಾರಾಳವಾಯಿತು. ಪ್ರತಿದಿನವೂ ನೀವೇ ಜೊತೆಗೆ ಹೋಗಬೇಕಾಗಿಲ್ಲ. ಬೆಳಿಗ್ಗೆ ಎಲ್ಲರಿಗೂ ಅಡುಗೆ ಮಾಡಿ, ಹಗಲೆಲ್ಲ ಅಲೆದು, ಸಂಜೆ ಮತ್ತೆ ಒಲೆಯ ಮುಂದೆ ನಿಲ್ಲುವವರಿಗೆ ಮೂರನೆಯ ದಿನ ಮಾತಿನಲ್ಲಿ ಮುಳ್ಳು ಮೂಡುವುದು ಸಹಜ. ಈ ವಿಷಯವನ್ನೆಲ್ಲ ಅವರು ಹೊರಡುವ ಮೊದಲೇ ನಿಮ್ಮ ಯಜಮಾನರು ತಂಗಿಗೆ ತಿಳಿಸಲಿ. ಅಣ್ಣ ಹೇಳಿದರೆ ಅದು ಸಲಹೆಯಾಗುತ್ತದೆ, ಅದೇ ಮಾತನ್ನು ಅತ್ತಿಗೆ ಹೇಳಿದರೆ ಬೇಸರಪಟ್ಟುಕೊಂಡಂತೆ ಕೇಳಿಸುತ್ತದೆ. ಇದು ಅನ್ಯಾಯವೇ ಸರಿ, ಆದರೆ ಒಂದು ವಾರದ ರಜೆಯಲ್ಲಿ ಅದನ್ನು ತಿದ್ದಲು ಹೊರಡಬೇಡಿ. ಟಿಕೆಟ್ಟು, ವಾಹನದ ಖರ್ಚನ್ನು ಯಾರು ಕೊಡುವುದೆಂಬುದೂ ಅದೇ ಫೋನಿನಲ್ಲಿ ತೀರ್ಮಾನವಾಗಲಿ.

ನಿಮ್ಮ ಪಟ್ಟಿಯಲ್ಲಿ ಎರಡು ವಸ್ತುಸಂಗ್ರಹಾಲಯಗಳಿವೆ. ಬಾಸ್ಟನ್‌ನ ಲಲಿತಕಲಾ ವಸ್ತುಸಂಗ್ರಹಾಲಯದ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬುವರು, ನೋಡಲು ಬಂದವರು ಪ್ರತಿಯೊಂದು ಗಾಜಿನ ಪೆಟ್ಟಿಗೆಯ ಮುಂದೆಯೂ ಹೇಗೆ ಬಗ್ಗಿ, ಕತ್ತು ಚಾಚಿ ದಣಿಯುತ್ತಾರೆ ಎಂಬುದನ್ನು ಛಾಯಾಚಿತ್ರಗಳ ಸಮೇತ 1916ರಲ್ಲಿಯೇ ಲೇಖನವಾಗಿ ಪ್ರಕಟಿಸಿದ್ದರು. ದೊಡ್ಡವರ ಪಾಡೇ ಅದಾದರೆ, ಪೆಟ್ಟಿಗೆಯ ಅಂಚು ಮೂಗಿನ ಮಟ್ಟಕ್ಕೆ ಬರುವ ಐದು ವರ್ಷದವನಿಗೆ ಕಾಣುವುದು ಮರದ ಹಲಗೆ ಮತ್ತು ಮುಂದೆ ನಿಂತವರ ಬೆನ್ನು ಮಾತ್ರ. ಎರಡರಲ್ಲಿ ಒಂದನ್ನು ಬಿಟ್ಟುಬಿಡಿ. ಇನ್ನೊಂದರಲ್ಲಿ ಅವನನ್ನು ಎತ್ತಿಕೊಂಡು ಅವನೇ ಆರಿಸಿದ ಎರಡು ಮೂರು ವಸ್ತುಗಳನ್ನು ತೋರಿಸಿ, ‘ಮನೆಗೆ ಹೋಗೋಣ’ ಎಂದು ಅವನು ರಾಗ ತೆಗೆಯುವ ಮೊದಲೇ ಹೊರಗೆ ಬನ್ನಿ.

ಪ್ರಶ್ನೆ: ನನ್ನ ಅಕ್ಕನ ಮಗಳಿಗೆ ಏಳು ವರ್ಷ. ಕಾರು ಹತ್ತಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ವಾಂತಿ ಆರಂಭವಾಗುತ್ತದೆ. ಗಮನ ಬೇರೆ ಕಡೆ ಹೋಗಲಿ ಎಂದು ಮೊಬೈಲ್ ಕೊಟ್ಟರೂ ಪ್ರಯೋಜನವಾಗಿಲ್ಲ. ಅವರನ್ನು ಬೆಟ್ಟದ ದಾರಿಯಲ್ಲಿ ಕರೆದುಕೊಂಡು ಹೋಗುವ ಆಸೆಯಿದೆ.

ಉತ್ತರ: ಮೊಬೈಲಿನಿಂದ ತೊಂದರೆ ಹೆಚ್ಚಾಗಿರುವ ಸಾಧ್ಯತೆಯೇ ಹೆಚ್ಚು. ಒಳಕಿವಿ ‘ಚಲಿಸುತ್ತಿದ್ದೇವೆ’ ಎನ್ನುತ್ತಿರುವಾಗ ಪರದೆಯ ಮೇಲೆ ನೆಟ್ಟ ಕಣ್ಣು ‘ಇಲ್ಲ, ನಿಂತಿದ್ದೇವೆ’ ಎಂದು ಮಿದುಳಿಗೆ ವರದಿ ಕೊಡುತ್ತದೆ. ಈ ಎರಡರ ತಿಕ್ಕಾಟದಿಂದ ಹುಟ್ಟುವ ಹೊಟ್ಟೆ ತೊಳಸುವಿಕೆ 2ರಿಂದ 12 ವರ್ಷದ ಮಕ್ಕಳಲ್ಲಿಯೇ ಹೆಚ್ಚು. ಮೊಬೈಲು, ಚಿತ್ರಪುಸ್ತಕ ಎರಡನ್ನೂ ಬದಿಗಿಟ್ಟು, ಹಿಂದಿನ ಸೀಟಿನಲ್ಲಿಯೇ ಮುಂದಿನ ರಸ್ತೆ ಕಾಣುವಂತೆ ಕೂರಿಸಿ, ಕಿಟಕಿಯಿಂದ ಸ್ವಲ್ಪ ಗಾಳಿ ಬರಲಿ. ಹೊರಡುವ ಮುನ್ನ ಹೊಟ್ಟೆ ಬಿರಿಯುವ ಊಟವೂ ಬೇಡ, ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ಮಾತ್ರೆಯನ್ನು ಮಕ್ಕಳ ವೈದ್ಯರನ್ನು ಕೇಳಿಯೇ ಕೊಡಬೇಕು, ಅದನ್ನು ನಿರ್ಧರಿಸಬೇಕಾದವರು ನಿಮ್ಮ ಅಕ್ಕ. ದಾರಿಯಲ್ಲಿ ಇಳಿದಾಗ ಮಗು ನಿದ್ದೆ ಮಾಡುತ್ತಿದೆಯೆಂದು ಕಾರಿನಲ್ಲಿ ಬಿಟ್ಟುಹೋಗಬೇಡಿ. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಲ್ಲದು, ಕಿಟಕಿಯನ್ನು ಚೂರು ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ.

ಪ್ರಶ್ನೆ: ನಮ್ಮದು ದಂಪತಿ ಇಬ್ಬರೇ ಇರುವ ಮನೆ. ತಮ್ಮನ ಹತ್ತು ತಿಂಗಳ ಮಗು ಅಂಬೆಗಾಲಿಡುತ್ತಿದೆ. ಅವರು ಬರುವ ಮೊದಲು ಮನೆಯಲ್ಲಿ ಏನೇನು ಬದಲಾಯಿಸಬೇಕು?

ಉತ್ತರ: ಒಮ್ಮೆ ನೀವೇ ಮಂಡಿಯೂರಿ ಮನೆಯೆಲ್ಲ ಓಡಾಡಿ ನೋಡಿ, ಮೇಜಿನಿಂದ ಜೋತುಬಿದ್ದ ಇಸ್ತ್ರಿಪೆಟ್ಟಿಗೆಯ ವೈರು, ಸೋಫಾದ ಕೆಳಗೆ ಉರುಳಿಹೋದ ನಾಣ್ಯ, ನೆಲದ ಮಟ್ಟದ ಪ್ಲಗ್ಗು ಆಗ ಕಣ್ಣಿಗೆ ಬೀಳುತ್ತವೆ. ಬಚ್ಚಲಿನಲ್ಲಿ ನೀರು ತುಂಬಿಟ್ಟ ಬಕೆಟ್ಟನ್ನು ಖಾಲಿ ಮಾಡಿ ಬೋರಲು ಹಾಕಿ, ಏಕೆಂದರೆ ತಲೆ ಭಾರವಿರುವ ಈ ವಯಸ್ಸಿನ ಮಗು ಮುಗ್ಗರಿಸಿದರೆ ತಾನಾಗಿ ಮೇಲೇಳಲಾರದು, ಕೆಲವೇ ಸೆಂಟಿಮೀಟರ್ ನೀರಿನಲ್ಲೂ ಅಪಾಯವಿದೆ. ರಿಮೋಟು, ಆಟಿಕೆಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿಯ ಮುಚ್ಚಳ ಸಡಿಲವಾಗಿದ್ದರೆ ಅಂಥ ವಸ್ತುವನ್ನು ಎತ್ತಿಡಿ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟ ಗಾಯ ಮಾಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಹೊರಡಬೇಕು.

ನಿಮ್ಮ ಕಪಾಟಿಗೆ ನೀವು ಬೀಗ ಹಾಕಬಹುದು, ನೆಂಟರ ಸಾಮಾನಿಗೆ ಹಾಕಲಾರಿರಿ. ಮಗುವಿನ ಜೊತೆಗೆ ಬರುವ ಹಿರಿಯರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಸಾಮಾನ್ಯವಾಗಿ ಹಾಸಿಗೆಯ ಪಕ್ಕದ ಕೈಚೀಲದಲ್ಲಿ, ಅಂದರೆ ಅಂಬೆಗಾಲಿಡುವ ಮಗುವಿಗೆ ಎಟುಕುವ ಎತ್ತರದಲ್ಲಿಯೇ ಇರುತ್ತವೆ. ಅವರು ಬಂದಿಳಿದ ಕೂಡಲೇ ಆ ಚೀಲಗಳಿಗೆಂದು ಎತ್ತರದ ಗೂಡೊಂದನ್ನು ತೆರವು ಮಾಡಿ ತೋರಿಸಿ.