ಸಸಿ ಆಮೇಲೆ ತನ್ನಿ, ಮೊದಲು ಗುಂಡಿ ತೋಡಿ ನೋಡಿ

ಪ್ರಶ್ನೆ: ನಮ್ಮ ರಸ್ತೆಯ ಕಾರ್ನರ್ ಸೈಟ್ ಕಸ ಸುರಿಯುವ ಜಾಗವಾಗಿತ್ತು. ಬಡಾವಣೆಯವರೆಲ್ಲ ಸೇರಿ ಸ್ವಚ್ಛ ಮಾಡಿ ಟೊಮೆಟೊ, ಬದನೆ, ಮೆಣಸಿನ ಸಸಿ ನೆಟ್ಟೆವು. ತಿಂಗಳೊಳಗೆ ಎಲೆಗಳು ಹಳದಿಯಾದವು. ಜೀವಾಮೃತ ಹಾಕಿದರೂ ಚೇತರಿಸಿಕೊಳ್ಳಲಿಲ್ಲ. ಈಗ ಜನವೂ ಬರುತ್ತಿಲ್ಲ. ಯಾವ ಗೊಬ್ಬರ ಹಾಕಬೇಕು?
– ಓದುಗರೊಬ್ಬರು, ಬನಶಂಕರಿ, ಬೆಂಗಳೂರು

ಉತ್ತರ: ಬಡಾವಣೆಯ ಹೆಸರಷ್ಟೇ ಬದಲಾಗಿ ಇದೇ ಪತ್ರ ನನಗೆ ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಎಲ್ಲರೂ ಕೇಳುವುದು ಗೊಬ್ಬರವನ್ನೇ. ಮಣ್ಣಿನ ಸುದ್ದಿ ಯಾರಿಗೂ ಬೇಡ.

‘ಎಲೆ ಹಳದಿ’ ಎಂದರೆ ಸಾಲದು, ಯಾವ ಎಲೆ ಎಂದು ನೋಡಬೇಕು. ಬುಡದ ಹಳೆ ಎಲೆ ಪೂರ್ತಿ ಹಳದಿಯಾಗಿದ್ದರೆ ಸಾರಜನಕದ ಕೊರತೆ. ತುದಿಯ ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಖಾಲಿ ಸೈಟಿನ ತೋಟಗಳಲ್ಲಿ ನಾನು ಹೆಚ್ಚಾಗಿ ನೋಡುವುದು ಎರಡನೆಯದನ್ನು. ಅನುಮಾನವಿದ್ದರೆ ಗುದ್ದಲಿ ತೆಗೆದುಕೊಂಡು ಒಂದೂವರೆ ಅಡಿ ತೋಡಿ. ಮೇಲೆ ನಾಲ್ಕು ಬೆರಳು ಕೆಮ್ಮಣ್ಣು, ಅದರಡಿ ಕಾಂಕ್ರೀಟ್ ತುಂಡು, ಒಡೆದ ಟೈಲ್ಸ್, ಗಾರೆ, ಹರಿದ ಸಿಮೆಂಟ್ ಚೀಲ. ಬೇರು ಕೆಳಗಿಳಿಯಲಾರದೆ ಪಕ್ಕಕ್ಕೆ ತಿರುಗಿ ಮಡಚಿಕೊಂಡಿರುತ್ತದೆ. ಅಕ್ಕಪಕ್ಕ ಮನೆ ಕಟ್ಟಿದವರೆಲ್ಲ ಡೆಬ್ರಿಸ್ ಸುರಿದ ಜಾಗವದು. ಬೇಕಿದ್ದರೆ ನಿಮ್ಮ ಬೀದಿಯ ಪೌರಕಾರ್ಮಿಕರನ್ನು ಕೇಳಿ, ಯಾರು ಯಾವಾಗ ಸುರಿದರು ಎಂಬುದನ್ನೂ ಹೇಳುತ್ತಾರೆ.

ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗುತ್ತದೆ. ಮಣ್ಣಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 8 ದಾಟಿದರೆ ಕಬ್ಬಿಣ ಎಷ್ಟಿದ್ದರೂ ಬೇರಿಗೆ ಎಟುಕುವುದಿಲ್ಲ. ಬೆಂಗಳೂರಿನ ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ, ಆದರೂ ಗಿಡ ಅದೇ ಕಬ್ಬಿಣವಿಲ್ಲದೆ ಸೊರಗುತ್ತದೆ. ಸಗಣಿ, ಗಂಜಲ, ಬೆಲ್ಲ, ಹಿಟ್ಟು ಕಲಸಿದ ಜೀವಾಮೃತ ಕಾಂಕ್ರೀಟನ್ನು ಕರಗಿಸುತ್ತದೆಂದು ನಿಮಗೆ ಹೇಳಿದವರು ಯಾರು? ‘ಗ್ರೋತ್ ಟಾನಿಕ್’ ಬಾಟಲಿ ಹಿಡಿದು ಬರುವವರನ್ನಂತೂ ಗೇಟಿನಿಂದಲೇ ಕಳಿಸಿ. ಒಳಗೇನಿದೆ ಎಂದು ಲೇಬಲ್ ಮೇಲೆ ಬರೆಯದವರು ಗೊಬ್ಬರ ಮಾರುತ್ತಿಲ್ಲ, ನಿಮ್ಮ ಅವಸರಕ್ಕೆ ಬೆಲೆ ಕಟ್ಟುತ್ತಿದ್ದಾರೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ) ಕರಗಿಸಿ ಎಲೆಗೆ ಸಿಂಪಡಿಸಿದರೆ ಸ್ವಲ್ಪ ಹಸಿರಾದೀತು, ಅದು ತಾತ್ಕಾಲಿಕ.

ಡೆಬ್ರಿಸ್ ಎತ್ತಿಸಿ. ಆಗದಿದ್ದರೆ ಅದರ ಮೇಲೆ ಒಂದೂವರೆ ಅಡಿ ಎತ್ತರದ ಏರುಮಡಿ ಕಟ್ಟಿ, ಕೆಮ್ಮಣ್ಣು ಮತ್ತು ಕಳಿತ ಕಾಂಪೋಸ್ಟ್ ತುಂಬಿ. ಮೊದಲ ಬೆಳೆಗೆ ಟೊಮೆಟೊ ಹಟ ಬೇಡ. ಅಲಸಂದೆ, ದಂಟು, ಹರಿವೆ ಸಾಕು. ಹಿಂದೆ ಅಲ್ಲಿ ಗ್ಯಾರೇಜ್ ಅಥವಾ ಬ್ಯಾಟರಿ ಅಂಗಡಿ ಇತ್ತೆಂದಾದರೆ, ಸೀಸದ ಪರೀಕ್ಷೆ ಮಾಡಿಸುವ ತನಕ ಸೊಪ್ಪು ಬೆಳೆದು ತಿನ್ನಬೇಡಿ, ಕನಕಾಂಬರ ಹಾಕಿ. ನನ್ನದು ಅತಿಯಾಯಿತು ಎನ್ನುವವರಿದ್ದಾರೆ. ಅನ್ನಲಿ, ಆ ಸೊಪ್ಪು ತಿನ್ನುವವರಲ್ಲಿ ಮಕ್ಕಳೂ ಇರುತ್ತಾರೆ.

ಇನ್ನು ಜನ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಅಂಥ 20 ಚದರ ಮೀಟರ್ ಇದ್ದರೆ ನೂರು ಲೀಟರ್. ಅದನ್ನು ಯಾರು ಹೊರುತ್ತಾರೆಂದು ಸಸಿ ತರುವ ಮುಂಚೆ ತೀರ್ಮಾನಿಸಿದ್ದಿರಾ? 2024ರ ಮಾರ್ಚ್‌ನಲ್ಲಿ ಜಲಮಂಡಳಿ ತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಾಗ ಎಷ್ಟೋ ತೋಟದವರು ಕಂಗಾಲಾದರು. ಹತ್ತಿರದ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಸರಿಯಾಗಿ ನಡೆಯುತ್ತಿದ್ದರೆ ಆ ನೀರು ಹೂಗಿಡಕ್ಕೆ ಆಗುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ನಾನು ಒಪ್ಪುವುದಿಲ್ಲ. ಬೀದಿಯಲ್ಲಿ ಗುಡಿಸಿ ಸುಡುವ ತರಗೆಲೆಯನ್ನು ಮಡಿಯ ಮೇಲೆ ನಾಲ್ಕು ಬೆರಳು ಹೊದಿಸಿದರೆ ನೀರು ಬೇಗ ಆರುವುದಿಲ್ಲ.

ಮಡಿಗಳನ್ನು ಮನೆಗೊಂದರಂತೆ ಹಂಚಿ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹೆಬ್ಬೆರಳು ಒತ್ತಿದವರೆಲ್ಲ ಕೊಡ ಹಿಡಿದು ಬರುವುದಿಲ್ಲ, ಆದರೆ ತನ್ನ ಮಡಿ ಒಣಗಿ ಪಕ್ಕದ ಮನೆಯವರ ಹರಿವೆ ನಳನಳಿಸುತ್ತಿದ್ದರೆ ಬರುತ್ತಾರೆ. ಕೊನೆಗೆ ನೀರು ಹಾಕುವುದು ವಾಚ್‌ಮನ್ ಒಬ್ಬರೇ ಆದರೆ ಅದಕ್ಕೆ ಸಮುದಾಯ ತೋಟ ಎಂದು ಬೋರ್ಡು ಹಾಕಬೇಡಿ, ಅವರಿಗೆ ಸಂಬಳ ಹೆಚ್ಚಿಸಿ. ಹಳ್ಳಿಯಿಂದ ಮಗನ ಮನೆಗೆ ಬಂದು ಬಾಲ್ಕನಿಯಲ್ಲಿ ಕೂತಿರುವ ಅಜ್ಜಿಯನ್ನು ಕೆಳಗೆ ಕರೆಯಿರಿ. ಅವರೆಗೆ ಹೇನು ಹತ್ತಿದರೆ ಏನು ಮಾಡಬೇಕೆಂದು ನನಗಿಂತ ಅವರು ಬೇಗ ಹೇಳುತ್ತಾರೆ.

ಸೈಟ್ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಮರ ನೆಡುತ್ತೇವೆಂದರೆ ಅವರು ಒಪ್ಪಲಿಕ್ಕಿಲ್ಲ, ತಪ್ಪೂ ಅಲ್ಲ: 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಬಹುತೇಕ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ತರಕಾರಿಯಾದರೆ ಬೆಳೆ ಮುಗಿದ ಮೇಲೆ ಜಾಗ ಬಿಟ್ಟುಕೊಡಬಹುದು.

ಪ್ರಶ್ನೆ: ಟೊಮೆಟೊಗೆ ಮೊಟ್ಟೆ ಸಿಪ್ಪೆ ಪುಡಿ ಹಾಕಬಹುದೇ?
ಉತ್ತರ: ಮೊಟ್ಟೆ ಸಿಪ್ಪೆಯೂ ಸುಣ್ಣವೇ. ಸಿಮೆಂಟಿನಿಂದ ಸುಣ್ಣ ಹೆಚ್ಚಾದ ಮಣ್ಣಿಗೆ ಮತ್ತೆ ಸುಣ್ಣ ಯಾಕೆ?

ಪ್ರಶ್ನೆ: ತೋಟ ಮಾಡಿದರೆ ಸೊಳ್ಳೆ ಬರುತ್ತದೆಂದು ಎದುರು ಮನೆಯವರ ತಕರಾರು.
ಉತ್ತರ: ಸೊಳ್ಳೆ ಮೊಟ್ಟೆಯಿಡುವುದು ನಿಂತ ನೀರಿನಲ್ಲಿ. ಡ್ರಮ್ ಮುಚ್ಚಿ, ಕುಂಡದ ಕೆಳಗಿನ ತಟ್ಟೆಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯಿರಿ. ಹಾಗೆಯೇ ಅವರ ತಾರಸಿಯನ್ನೂ ಒಮ್ಮೆ ನೋಡಿ ಬನ್ನಿ.

ಪ್ರಶ್ನೆ: 20x30 ಸೈಟಿನಲ್ಲಿ ಮಿಯಾವಾಕಿ ಕಾಡು (ಒತ್ತೊತ್ತಾಗಿ ಸಸಿ ನೆಟ್ಟು ಬೆಳೆಸುವ ಕಿರು ಕಾಡು)?
ಉತ್ತರ: ಬೇಡ.

ಪ್ರಶ್ನೆ: ಗಣರಾಜ್ಯೋತ್ಸವದಂದು ನಮ್ಮ ಪಾರ್ಕಿನಲ್ಲಿ ಸಾವಿರ ಸಸಿ ನೆಡುತ್ತೇವೆ, ಉದ್ಘಾಟನೆಗೆ ಬರುತ್ತೀರಾ?
ಉತ್ತರ: ಜನವರಿಯಲ್ಲಿ ನೆಟ್ಟರೆ ಮಳೆ ಬರುವ ತನಕ ಆ ಸಾವಿರಕ್ಕೂ ನೀರು ಹೊರಬೇಕು. ಪಾಲಿಕೆಯ ತೋಟಗಾರಿಕೆ ವಿಭಾಗದ ಅನುಮತಿ ಪಡೆದು ಜೂನ್‌ನಲ್ಲಿ ಐವತ್ತು ನೆಡಿ. ಉದ್ಘಾಟನೆಗೆ ನಾನು ಬರುವುದಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಕರೆದರೆ ಬರುತ್ತೇನೆ.