ಆಟದ ಕಟ್ಟೆ: ರೂಲು ಅವರದು, ಕೋಟೆ ನಮ್ಮದು

ಪ್ರಶ್ನೆ: ಅಕ್ಕಾ, ನಾವು ಐದು ಜನ ಗೆಳೆಯರು ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಒಬ್ಬ ಕಥೆ ನಡೆಸಿ ಉಳಿದವರು ಅದರ ಪಾತ್ರಗಳಾಗಿ ಆಡುವ ಆಟ. ಕಥೆ ನಡೆಸುವವನು ನಾನೇ. ದುರ್ಗದ ಕೋಟೆಯೊಳಗೆ ನಡೆಯುವ 40 ಪುಟದ ಒಂದು ಸಾಹಸ ಬರೆದಿದ್ದೇನೆ, ಪಿಡಿಎಫ್ ಮಾಡಿ ಮಾರುವ ಆಸೆ. ಅಮೆರಿಕದ ಕಂಪನಿ ನೋಟಿಸ್ ಕಳಿಸುತ್ತದೆ ಅಂತ ನಮ್ಮ ಮಾವ ಹೆದರಿಸುತ್ತಿದ್ದಾರೆ. 2023ರಲ್ಲಿ ಏನೋ ದೊಡ್ಡ ಗಲಾಟೆ ಆಗಿತ್ತಂತಲ್ಲ?
— ಡಿಪ್ಲೊಮಾ ವಿದ್ಯಾರ್ಥಿ, ಕೆಳಗೋಟೆ, ಚಿತ್ರದುರ್ಗ

ಉತ್ತರ: ಮಾವನವರ ಹೆದರಿಕೆ ಸುಳ್ಳಲ್ಲ ತಮ್ಮಾ, ಹಳತಾಗಿದೆ ಅಷ್ಟೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ತಂದದ್ದು 1974ರಲ್ಲಿ. 1997ರಲ್ಲಿ ಅದು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೈಗೆ ಬಂತು, 1999ರಲ್ಲಿ ಆ ಕಂಪನಿಯನ್ನೇ ಹ್ಯಾಸ್ಬ್ರೊ ಕೊಂಡಿತು. ಮರುವರ್ಷ, ಅಂದರೆ 2000ದಲ್ಲಿ, ವಿಝರ್ಡ್ಸ್ ಒಂದು ಜಾಣ ಕೆಲಸ ಮಾಡಿತು: ಓಪನ್ ಗೇಮ್ ಲೈಸೆನ್ಸ್. ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಿ ತಮ್ಮ ಸಾಹಸ, ರಾಕ್ಷಸ, ಮಂತ್ರ ಬರೆದು ಮಾರಬಹುದು, ರಾಯಲ್ಟಿ ಇಲ್ಲ. ಇದರ ಹಿಂದಿದ್ದ, ಆಗ ವಿಝರ್ಡ್ಸ್ ಕಂಪನಿಯಲ್ಲೇ ಇದ್ದ ರಯಾನ್ ಡ್ಯಾನ್ಸಿಯವರ ಲೆಕ್ಕ ವ್ಯಾಪಾರದ್ದೇ. ಸಣ್ಣ ಸಾಹಸ ಪುಸ್ತಿಕೆಗಳಲ್ಲಿ ದೊಡ್ಡ ಕಂಪನಿಗೆ ಗಿಟ್ಟುವುದು ಕಡಿಮೆ. ಅದನ್ನು ಸಣ್ಣವರು ಮಾಡಲಿ. ಆ ಪುಸ್ತಿಕೆ ಕೊಂಡವರು ರೂಲ್‌ಬುಕ್ಕಿಗೆ ನಮ್ಮ ಹತ್ತಿರವೇ ಬರಬೇಕಲ್ಲ!

2008ರಲ್ಲಿ ನಾಲ್ಕನೇ ಆವೃತ್ತಿ ಬಂದಾಗ ಕಂಪನಿ ಕೈ ಬಿಗಿ ಮಾಡಿ, ಬೇರೆಯೇ ಲೈಸೆನ್ಸ್ ತಂದಿತು. 2007ರವರೆಗೆ ಇವರದೇ ನಿಯತಕಾಲಿಕೆಗಳನ್ನು ನಡೆಸಿಕೊಡುತ್ತಿದ್ದ ಪೈಝೊ ಕಂಪನಿ ಹಳೇ ಲೈಸೆನ್ಸನ್ನೇ ಹಿಡಿದು 2009ರಲ್ಲಿ ಪಾಥ್‌ಫೈಂಡರ್ ಅನ್ನುವ ಆಟ ತಂದು ಎದುರಂಗಡಿ ಹಾಕಿತು. ಪಾಠ ಆಗಿರಬೇಕು, ಐದನೇ ಆವೃತ್ತಿಯ ನಿಯಮಗಳು 2016ರಲ್ಲಿ ಮತ್ತೆ ಓಪನ್ ಗೇಮ್ ಲೈಸೆನ್ಸಿನಡಿ ಬಂದವು.

ಈಗ ನಿಮ್ಮ ಗಲಾಟೆಗೆ ಬರೋಣ. 2023ರ ಜನವರಿ ಮೊದಲ ವಾರ ಹೊಸ ಲೈಸೆನ್ಸಿನ ಕರಡು ಸೋರಿತು. ಅದರಲ್ಲಿದ್ದದ್ದು ಇದು: ಆದಾಯ ವರ್ಷಕ್ಕೆ 50,000 ಡಾಲರ್ ದಾಟಿದರೆ ಕಂಪನಿಗೆ ಲೆಕ್ಕ ಒಪ್ಪಿಸಬೇಕು. 7,50,000 ದಾಟಿದ ಆದಾಯದ ಮೇಲೆ 25% ರಾಯಲ್ಟಿ. ನೀವು ಬರೆದದ್ದನ್ನು ಕಂಪನಿ ನಿಮಗೆ ಕಾಸು ಕೊಡದೆ ಬಳಸಬಹುದು. 30 ದಿನದ ನೋಟಿಸ್ ಕೊಟ್ಟು ನಿಯಮ ಬದಲಿಸಬಹುದು. ಇಪ್ಪತ್ತು ವರ್ಷ ದಾಟಿದ ಹಳೇ ಲೈಸೆನ್ಸು ಇನ್ನು ಮೇಲೆ ಅಧಿಕೃತವೇ ಅಲ್ಲ!

ಅಷ್ಟು ದೊಡ್ಡ ಮೊತ್ತ ಮುಟ್ಟುವವರು ಬೆರಳೆಣಿಕೆಯಷ್ಟು ಜನ, ಉಳಿದವರಿಗೇನು ಅಂತ ಆಗ ಕೆಲವರು ಕೇಳಿದರು. ಮಂಡಿಪೇಟೆಯಲ್ಲಿ ಪ್ರೆಸ್ ನಡೆಸಿದವಳು ನಾನು. ಆ 25% ಲಾಭದ ಮೇಲಲ್ಲ, ಮಾರಾಟದ ಮೇಲೆ. ಕಾಗದ, ಪ್ಲೇಟು, ಬೈಂಡಿಂಗು, ಲಾರಿ ಬಾಡಿಗೆ, ಅಂಗಡಿಯವರ ಕಮಿಷನ್ ಕಳೆದ ಮೇಲೆ ರೂಪಾಯಿಗೆ ನಾಲ್ಕಾಣೆ ಉಳಿಸಿದ ಪುಸ್ತಕ ನಮ್ಮಲ್ಲಿ ಅಚ್ಚಾಗಿದ್ದು ಅಪರೂಪ. ಅದಕ್ಕಿಂತ ನನಗೆ ಸಿಟ್ಟು ಬಂದದ್ದು ಹಳೇ ಲೈಸೆನ್ಸಿಗೆ ಕೈ ಹಾಕಿದ್ದಕ್ಕೆ. ಹೊಲದವನು ‘ಬದುವಿನ ಮೇಲೆ ಓಡಾಡ್ರಪ್ಪಾ’ ಅಂದಿದ್ದಾನೆ, ಆ ದಾರಿ ನಂಬಿ ಹತ್ತು ಜನ ಆಚೆಗೆ ಮನೆ ಕಟ್ಟಿದ್ದಾರೆ; ಈಗ ಬೇಲಿ ಹಾಕಿ ಸುಂಕ ಕೇಳಿದರೆ? ಲೈಸೆನ್ಸಿನಲ್ಲಿ ‘ಶಾಶ್ವತ’ ಅಂತೇನೋ ಬರೆದಿತ್ತು, ಹಿಂಪಡೆಯಲಾಗದು ಅಂತ ಬರೆದಿರಲಿಲ್ಲ. ವಕೀಲರು ಆ ಸಂದಿಯಲ್ಲೇ ನುಸುಳಿದರು. ಹಿಂಪಡೆಯುವ ಉದ್ದೇಶ ಯಾವತ್ತೂ ಇರಲಿಲ್ಲ ಅಂತ ಸ್ವತಃ ಡ್ಯಾನ್ಸಿಯವರೇ ಹೇಳಬೇಕಾಯಿತು.

ಆಟಗಾರರು ಕಂಪನಿಯ ಆನ್‌ಲೈನ್ ಸೇವೆಯಾದ ಡಿ ಅಂಡ್ ಡಿ ಬಿಯಾಂಡ್‌ನ ಚಂದಾ ರದ್ದು ಮಾಡಲು ಮುಗಿಬಿದ್ದರು. ಕಂಪನಿ ಇನ್ನೊಂದು ಕರಡು ತಂದು ಅಭಿಪ್ರಾಯ ಕೇಳಿತು; 15,000ಕ್ಕೂ ಹೆಚ್ಚು ಉತ್ತರ ಬಂದವು, ಇದರಡಿ ಪ್ರಕಟಿಸಲು ಇಷ್ಟವಿಲ್ಲ ಅಂದವರು 88%. ಜನವರಿ 27ಕ್ಕೆ ವಿಝರ್ಡ್ಸ್ ಹಿಂದೆ ಸರಿಯಿತು. ಹಳೇ ಲೈಸೆನ್ಸನ್ನು ಮುಟ್ಟುವುದಿಲ್ಲ ಅಂದದ್ದಷ್ಟೇ ಅಲ್ಲ, ಮೂಲ ನಿಯಮಗಳ ದಾಖಲೆಯನ್ನು, ಅಂದರೆ ಎಸ್‌ಆರ್‌ಡಿ 5.1 ಅನ್ನು, ಮೂಲದ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಡಿ ಬಿಟ್ಟುಕೊಟ್ಟಿತು. ಈ ಲೈಸೆನ್ಸು ಕಂಪನಿ ಬರೆದದ್ದಲ್ಲ, ವಾಪಸ್ ಪಡೆಯಲೂ ಬರುವುದಿಲ್ಲ. 2025ರಲ್ಲಿ ಬಂದ 5.2 ಕೂಡ ಇದರಡಿಯೇ ಇದೆ.

ಹಾಗಾಗಿ ನಿಮ್ಮ ಪುಸ್ತಿಕೆ ಎಸ್‌ಆರ್‌ಡಿ ಮೇಲೆ ನಿಲ್ಲಲಿ. ಅದರಲ್ಲಿ ಕೊಟ್ಟಿರುವ ಕೃತಜ್ಞತಾ ವಾಕ್ಯವನ್ನು ಒಳಪುಟದಲ್ಲಿ ಅಕ್ಷರ ಬಿಡದೆ ಹಾಕಿ. ಐದನೇ ಆವೃತ್ತಿಗೆ ಹೊಂದುತ್ತದೆ ಅಂತ ಹೇಳಿಕೊಳ್ಳಬಹುದು, ಆದರೆ ಅವರ ಲೋಗೊ ಮುಖಪುಟಕ್ಕೆ ಬೇಡ. ಬಿಹೋಲ್ಡರ್‌ನಂಥ ಅವರ ಖಾಸಾ ರಾಕ್ಷಸರು, ಫರ್ಗಾಟನ್ ರೆಲ್ಮ್ಸ್‌ನಂಥ ಅವರ ಲೋಕಗಳು ಬೇಡ. ಅವು ಬೇಕೇ ಬೇಕು ಅನ್ನುವವರಿಗೆ ಡಿಎಂಸ್ ಗಿಲ್ಡ್ ಅನ್ನುವ, ಅವರ ಒಪ್ಪಿಗೆಯಿಂದ ನಡೆಯುವ ಆನ್‌ಲೈನ್ ಅಂಗಡಿ ಇದೆ. ಅಲ್ಲಿ ಬರೆದವರಿಗೆ 50% ಸಿಗುತ್ತದೆ, ಆದರೆ ಅಲ್ಲಿಟ್ಟ ಪುಸ್ತಿಕೆಯನ್ನು ಬೇರೆ ಕಡೆ ಮಾರುವಂತಿಲ್ಲ. ನೀವು ಅಲ್ಲಿಗೆ ಹೋಗಬೇಡಿ ಅನ್ನುತ್ತೇನೆ ನಾನು. ಅಕ್ಕ-ತಂಗಿ ಹೊಂಡ, ತುಪ್ಪದ ಕೊಳ, ಹಿಡಿಂಬೇಶ್ವರ, ಏಳು ಸುತ್ತು ಇಟ್ಟುಕೊಂಡವನಿಗೆ ಅವರ ಲೋಕ ಯಾಕೆ?

ಓಬವ್ವ, ಮದಕರಿ ನಾಯಕ, ಹೈದರಾಲಿ ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಕಾದಂಬರಿಕಾರರು ಕಟ್ಟಿದ ಸನ್ನಿವೇಶ, ಸಂಭಾಷಣೆ ಅವರವು. ನಮ್ಮ ಕಾಯಿದೆಯಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. ಕೋಟೆಯ ನಕ್ಷೆ ಕೂಡ ನಡೆದು ನೋಡಿ ನೀವೇ ಬರೆಯಿರಿ, ಗೈಡ್ ಪುಸ್ತಕದ್ದನ್ನು ಸ್ಕ್ಯಾನ್ ಮಾಡಬೇಡಿ. ಮತ್ತೆ ಓಬವ್ವನಿಗೆ ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಾಳುವ ಅಂಕ, ಕೊಡುವಾಗ ಕೈ ಧಾರಾಳ ಇರಲಿ. ಇಲ್ಲದಿದ್ದರೆ ನೋಟಿಸ್ ಅಮೆರಿಕದಿಂದಲ್ಲ, ನಿಮ್ಮ ಓಣಿಯಿಂದಲೇ ಬರುತ್ತದೆ.

ಪ್ರಶ್ನೆ: ಬೇರೆಯವರ ಆಟಕ್ಕೆ ಜೋತುಬಿದ್ದು, ಆಮೇಲೆ ಅನ್ಯಾಯ ಅಂತ ಕೂಗುವುದು ಯಾವ ನ್ಯಾಯ? ಸ್ವಂತ ಆಟ ಮಾಡಿಕೊಳ್ಳಬಾರದೆ?
— ನಿವೃತ್ತ ಬ್ಯಾಂಕ್ ನೌಕರರು, ವಿದ್ಯಾನಗರ, ದಾವಣಗೆರೆ

ಉತ್ತರ: ಮಾಡಿಕೊಂಡರು ಸರ್. ಪೈಝೊ ಓಆರ್‌ಸಿ ಅನ್ನುವ, ಯಾವ ಒಬ್ಬ ಪ್ರಕಾಶಕರ ಹಿಡಿತಕ್ಕೂ ಸಿಗದ ಲೈಸೆನ್ಸ್ ಬರೆಸಲು ಹೊರಟಾಗ 1,500ಕ್ಕೂ ಹೆಚ್ಚು ಪ್ರಕಾಶಕರು ಜೊತೆಗೆ ನಿಲ್ಲುತ್ತೇವೆ ಅಂದರು. ಕೋಬೋಲ್ಡ್ ಪ್ರೆಸ್ ಅನ್ನುವ ಪ್ರಕಾಶನ ತನ್ನದೇ ನಿಯಮದ ಪುಸ್ತಕ ತಂದಿತು. ಆದರೆ ಆಡುವವರ ಮನೆಯಲ್ಲಿ ಆಗಲೇ ಒಂದು ದಪ್ಪ ರೂಲ್‌ಬುಕ್ ಇರುತ್ತದೆ, ಇನ್ನೊಂದನ್ನು ಕಲಿಯಲು ಪುರುಸೊತ್ತಿರುವುದಿಲ್ಲ. ಸಣ್ಣವರು ದೊಡ್ಡದರ ಪಕ್ಕ ನಿಲ್ಲುವುದು ಅದಕ್ಕೇ. ಮತ್ತೊಂದು ಮಾತು, ಆಟದ ನಿಯಮದ ಮೇಲೆ ಯಜಮಾನಿಕೆಯೇ ತೆಳು. ಹಕ್ಕುಸ್ವಾಮ್ಯ ಸಿಗುವುದು ನಿಯಮವನ್ನು ಬರೆದ ಮಾತಿಗೆ, ಚಿತ್ರಕ್ಕೆ, ನಿಯಮಕ್ಕಲ್ಲ. ಆಟ ಆಡುವ ವಿಧಾನಕ್ಕೆ ಪೇಟೆಂಟ್ ಇಲ್ಲ ಅಂತ ನಮ್ಮ 1970ರ ಪೇಟೆಂಟ್ ಕಾಯಿದೆಯ 3(ಎಂ) ಕಲಮು ನೇರವಾಗಿಯೇ ಹೇಳುತ್ತದೆ. ಚೌಕಾಬಾರಕ್ಕೆ ನೀವು ಯಾರಿಗಾದರೂ ರಾಯಲ್ಟಿ ಕಟ್ಟಿದ್ದೀರಾ?

ಪ್ರಶ್ನೆ: 54 ಕಾರ್ಡಿನ ಆಟವನ್ನು ದಾವಣಗೆರೆಯಲ್ಲೇ ಅಚ್ಚು ಹಾಕಿಸಬಹುದಾ? 50 ಸೆಟ್ ಸಾಕು.
— ಓದುಗರೊಬ್ಬರು, ಕೆ.ಟಿ.ಜೆ. ನಗರ

ಉತ್ತರ: ಧಾರಾಳವಾಗಿ. 50ಕ್ಕೆ ಆಫ್‌ಸೆಟ್ ಬೇಡ, ಡಿಜಿಟಲ್ ಸಾಕು. 12x18 ಇಂಚಿನ ಶೀಟಿನಲ್ಲಿ ಇಸ್ಪೀಟ್ ಅಳತೆಯ 18 ಕಾರ್ಡು ಕೂರುತ್ತವೆ, ಸೆಟ್ಟಿಗೆ ಮೂರು ಶೀಟು. 300 ಜಿಎಸ್‌ಎಂ ಆರ್ಟ್ ಕಾರ್ಡು, ಎರಡೂ ಕಡೆ ಮ್ಯಾಟ್ ಲ್ಯಾಮಿನೇಷನ್ ಹೇಳಿ. ಬೆಣ್ಣೆ ದೋಸೆ ತಿಂದ ಕೈಯಲ್ಲೇ ಆಡುವ ಊರು ನಮ್ಮದು.

ಪ್ರಶ್ನೆ: ಮೇಡಂ, ದಾವಣಗೆರೆಯ ಹತ್ತಿ ಗಿರಣಿಗಳ ಮೇಲೆ ಮಕ್ಕಳಿಗೊಂದು ಬೋರ್ಡ್ ಆಟ ಮಾಡಿದ್ದೇನೆ. ಬೆಂಗಳೂರಿನ ಆಟಿಕೆ ಕಂಪನಿಯೊಂದು 15,000 ರೂಪಾಯಿ ಕೊಡುತ್ತೇವೆ, ‘ಎಲ್ಲ ಹಕ್ಕು’ ಬರೆದುಕೊಡಿ ಅನ್ನುತ್ತಿದೆ. ಮನೆಯಲ್ಲಿ ಎಲ್ಲರೂ ತಗೋ ಅಂತಿದ್ದಾರೆ.
— ಶಾಲಾ ಶಿಕ್ಷಕಿ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಸಹಿ ಹಾಕಬೇಡಿ, ಇನ್ನೂ. ಬರೆದುಕೊಡುವುದು ಬೇರೆ, ಬಳಸಲು ಅನುಮತಿ ಕೊಡುವುದು ಬೇರೆ. ನೀವು ಎರಡನೆಯದನ್ನು ಕೇಳಿ: ಇಷ್ಟು ವರ್ಷ, ಈ ಭಾಷೆಗಳಲ್ಲಿ, ಮಾರಾಟವಾದ ಪ್ರತಿ ಡಬ್ಬಿಗೆ ಇಷ್ಟು. ಒಪ್ಪದೆ ಬರೆದುಕೊಡಲೇಬೇಕು ಅಂದರೂ 1957ರ ಹಕ್ಕುಸ್ವಾಮ್ಯ ಕಾಯಿದೆಯ 19ನೇ ಕಲಮು ನಿಮ್ಮ ಬೆನ್ನಿಗಿದೆ. ಅವಧಿ ಬರೆಯದಿದ್ದರೆ ಐದು ವರ್ಷ ಅಂತಲೇ ಲೆಕ್ಕ. ಊರು-ದೇಶ ಬರೆಯದಿದ್ದರೆ ಭಾರತ ಮಾತ್ರ. ಬರೆಸಿಕೊಂಡು ವರ್ಷದೊಳಗೆ ಅವರು ಆ ಹಕ್ಕು ಬಳಸದಿದ್ದರೆ ಅದು ನಿಮಗೇ ವಾಪಸ್, ಒಪ್ಪಂದದಲ್ಲಿ ಬೇರೆ ಥರ ಬರೆಯದಿದ್ದರೆ. ಈ ‘ಬರೆಯದಿದ್ದರೆ’ಗಳನ್ನು ಕಂಪನಿಯ ವಕೀಲರೂ ಓದಿರುತ್ತಾರೆ, ಆದ್ದರಿಂದ ಕರಡಿನಲ್ಲಿ ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’ ಅಂತ ಎಲ್ಲಿದೆ ಮೊದಲು ಹುಡುಕಿ. ಬರೆದವರು ಅನ್ನಿಸಿಕೊಳ್ಳುವ ಹಕ್ಕು 57ನೇ ಕಲಮಿನ ಪ್ರಕಾರ ಬರೆದುಕೊಟ್ಟ ಮೇಲೂ ನಿಮ್ಮದೇ. ಡಬ್ಬಿಯ ಮೇಲೆ ಹೆಸರು ಹಾಕಬೇಕು ಅಂತ ಸೇರಿಸಿ.

ಗಿರಣಿಗಳ ಬಗ್ಗೆಯೇ ಮುಂದೆ ಇನ್ನೊಂದು ಆಟ ಮಾಡುವುದಕ್ಕೆ ಅಡ್ಡ ಬರುವ ಸಾಲಿದ್ದರೆ ಹೊಡೆದು ಹಾಕಿಸಿ. ಅದು ಕರಡಿನ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಮನೆಯವರಿಗೆ ಹೇಳಿ, 15,000 ಎಲ್ಲಿಗೂ ಓಡಿಹೋಗುವುದಿಲ್ಲ. ಕೋರ್ಟ್ ಹತ್ತಿರದ ಯಾರಾದರೂ ವಕೀಲರಿಗೆ ಒಂದು ಸಲ ತೋರಿಸಿ, ಕಂಪನಿಯ ಉತ್ತರ ಬಂದ ಮೇಲೆ ನನಗೂ ಬರೆಯಿರಿ.