ಶಿಶುವಿಹಾರದ ಬಾಗಿಲಿನಿಂದ ಆಲ್ಬನಿಗೆ

ಮಾನ್ಯರೇ,

ರೂಲು ಕಾಗದದ ಎರಡೂ ಮಗ್ಗುಲಿಗೆ ಅಂಚು ಬಿಟ್ಟು, ಒಂದು ಒತ್ತಕ್ಷರವೂ ತಪ್ಪದಂತೆ ತಾವು ಹಿರಿಯೂರಿನಿಂದ ಬರೆದ ಪತ್ರ ತಲುಪಿದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ತಾವು, ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಅಮೆರಿಕದ ಶರ್ಲಿ ಚಿಸಮ್ ಅವರ ಕಿರುಪರಿಚಯ ಹಿಡಿಸಲಿಲ್ಲವೆಂದು ನೇರವಾಗಿಯೇ ಹೇಳಿದ್ದೀರಿ. ತಮ್ಮ ಆಕ್ಷೇಪಗಳನ್ನು ಇತರ ಓದುಗರಿಗಾಗಿ ಸಂಗ್ರಹಿಸುವುದಾದರೆ: ಶಿಶುವಿಹಾರದ ಶಿಕ್ಷಕಿಯೊಬ್ಬರು ಶಾಸನಸಭೆಗೆ ಹೋದರೆಂದು ನಾವು ಸಂಭ್ರಮಿಸಿದೆವೇ ಹೊರತು ಅಲ್ಲಿ ಅವರು ಏನು ಮಾಡಿದರೆಂದು ಒಂದು ಸಾಲನ್ನೂ ಬರೆಯಲಿಲ್ಲ, ನಮ್ಮಲ್ಲಿ ಶಿಕ್ಷಕರ ಹೆಸರಿನಲ್ಲಿ ಗೆದ್ದು ಹೋದವರು ವೇತನ, ವರ್ಗಾವಣೆ, ಪಿಂಚಣಿ ಬಿಟ್ಟು ಬೇರೆ ಮಾತೆತ್ತುವುದು ಅಪರೂಪವಾಗಿರುವಾಗ ಆಕೆ ಮಾತ್ರ ಬೇರೆಯಾಗಿದ್ದರೆಂದು ನಂಬುವುದು ಹೇಗೆ, ಕಡೆಯದಾಗಿ, ‘ಸದನ ಕಂಡ ಮೇಷ್ಟ್ರು ಮತ್ತೆ ಸೀಮೆಸುಣ್ಣ ಹಿಡಿದದ್ದುಂಟೇ?’

ಮೊದಲನೆಯ ಆಕ್ಷೇಪವನ್ನು ತಲೆಬಾಗಿ ಒಪ್ಪುತ್ತೇನೆ. ತಾವು ಗುರುತಿಸದೆ ಬಿಟ್ಟ ಇನ್ನೆರಡು ತಪ್ಪುಗಳನ್ನೂ ಇಲ್ಲಿಯೇ ಹೇಳಿಬಿಡುವುದು ಮೇಲು. ನ್ಯೂಯಾರ್ಕ್ ರಾಜ್ಯದ ಶಾಸನಸಭೆಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಚಿಸಮ್ ಎಂದು ನಾವು ಬರೆದದ್ದು ಸರಿಯಲ್ಲ. ಅವರಿಗಿಂತ ಹತ್ತು ವರ್ಷ ಮೊದಲೇ, 1954ರಲ್ಲಿ, ಬೆಸ್ಸಿ ಬುಕಾನನ್ ಆ ಸದನಕ್ಕೆ ಗೆದ್ದಿದ್ದರು. 1968ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಆಯ್ಕೆಯಾದಾಗ ಮಾತ್ರ ಚಿಸಮ್ ಅವರದು ಮೊದಲ ಹೆಜ್ಜೆ. ಇನ್ನೊಂದು, ಅವರ ಹೆಸರನ್ನು ಇಂಗ್ಲಿಷಿನ ಅಕ್ಷರ ನೋಡಿ ‘ಚಿಶೋಲ್ಮ್’ ಎಂದು ಅಚ್ಚು ಹಾಕಿದ್ದೆವು; ಅಲ್ಲಿಯವರ ಬಾಯಲ್ಲಿ ಅದು ‘ಚಿಸಮ್’ಗೆ ಹತ್ತಿರ.

ಇನ್ನು ಅವರು ಮಾಡಿದ್ದೇನು ಎಂಬ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ಆ ರಾಜ್ಯದ ರಾಜಧಾನಿಯಾದ ಆಲ್ಬನಿ ನಗರದ ಸದನಕ್ಕಿಂತ ಮೊದಲು ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ಒಂದು ಬಡ ಮನೆಗೆ ಹೋಗಬೇಕಾಗುತ್ತದೆ. 1924ರಲ್ಲಿ ಹುಟ್ಟಿದ ಶರ್ಲಿಯ ತಂದೆ ಕಾರ್ಖಾನೆಯ ಕೂಲಿ. ತಾಯಿ ಬಾರ್ಬಡೋಸ್ ದ್ವೀಪದಿಂದ ವಲಸೆ ಬಂದು, ಬಟ್ಟೆ ಹೊಲಿದು, ಕಂಡವರ ಮನೆಗೆಲಸ ಮಾಡಿ ಸಂಸಾರ ತೂಗಿಸುತ್ತಿದ್ದವರು. ದುಡಿಯಲು ಹೋದರೆ ಮಕ್ಕಳನ್ನು ನೋಡಿಕೊಳ್ಳುವವರಿಲ್ಲ, ಮಕ್ಕಳ ಬಳಿ ಕುಳಿತರೆ ಒಲೆ ಉರಿಯುವುದಿಲ್ಲ. ಈ ಇಕ್ಕಟ್ಟಿಗೆ ಆ ದಂಪತಿ ಕಂಡುಕೊಂಡ ದಾರಿ, ಇನ್ನೂ ಶಾಲೆಯ ಮುಖ ನೋಡದ ಹೆಣ್ಣುಮಕ್ಕಳನ್ನು ಹಡಗು ಹತ್ತಿಸಿ ಬಾರ್ಬಡೋಸಿನ ಅಜ್ಜಿಯ ಮನೆಗೆ ಕಳುಹಿಸಿಬಿಡುವುದು. ಶರ್ಲಿ ಬ್ರೂಕ್ಲಿನ್ನಿಗೆ ಮರಳಿದ್ದು 1934ರಲ್ಲಿ. ಹಳ್ಳಿಯ ಕಟ್ಟುನಿಟ್ಟಿನ ಬ್ರಿಟಿಷ್ ಪದ್ಧತಿಯ ಶಾಲೆಯಲ್ಲಿ ಓದುಬರಹ ಚೆನ್ನಾಗಿ ಕಲಿತು ಬಂದಿದ್ದ ಆ ಹುಡುಗಿಗೆ ಅಮೆರಿಕದ ಚರಿತ್ರೆ, ಭೂಗೋಳ ಬಾರದೆಂಬ ಒಂದೇ ಕಾರಣಕ್ಕೆ ಅವಳನ್ನು ತನಗಿಂತ ಚಿಕ್ಕ ಮಕ್ಕಳ ತರಗತಿಯಲ್ಲಿ ಕೂರಿಸಿದರು. ಅವಳು ಬೇಸರಕ್ಕೆ ರಬ್ಬರ್ ಬ್ಯಾಂಡ್ ಹೊಡೆಯುತ್ತ, ಕಾಗದದ ಉಂಡೆ ಎಸೆಯುತ್ತ ತರಲೆಯೆನಿಸಿಕೊಂಡಳು. ಇಂಥ ಮಗುವನ್ನು ತಮ್ಮ ಸೇವಾವಧಿಯಲ್ಲಿ ತಾವು ಎಷ್ಟು ಬಾರಿ ಕಂಡಿರುತ್ತೀರೋ! ಪುಣ್ಯಕ್ಕೆ ಅಲ್ಲಿ ಯಾರೋ ಒಬ್ಬರು ಇದು ದಡ್ಡತನವಲ್ಲ, ಪಾಠದಲ್ಲಿ ಉಳಿದ ಖಾಲಿ ಜಾಗ ಎಂದು ಗುರುತಿಸಿ ಆ ಎರಡು ವಿಷಯಗಳಿಗೆ ಪ್ರತ್ಯೇಕ ಪಾಠದ ಏರ್ಪಾಡು ಮಾಡಿಸಿದರು, ಹುಡುಗಿ ತನ್ನ ವಯಸ್ಸಿನ ತರಗತಿಯನ್ನು ಸೇರಿಕೊಂಡಳು. ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮೂವತ್ತು ವರ್ಷಗಳ ನಂತರ ಇದೇ ಸಂಗತಿ ಕಾನೂನಿನ ರೂಪದಲ್ಲಿ ಎದುರಾಗುತ್ತದೆ.

1946ರಲ್ಲಿ ಬ್ರೂಕ್ಲಿನ್ ಕಾಲೇಜಿನಿಂದ ಪದವಿ ಪಡೆದ ಚಿಸಮ್ ಹಾರ್ಲೆಮ್‌ನ ಶಿಶುಪಾಲನಾ ಕೇಂದ್ರವೊಂದರಲ್ಲಿ ಸಹಾಯಕಿಯಾಗಿ ಸೇರಿ, ಕೆಲಸದ ಜೊತೆಗೇ ಕೊಲಂಬಿಯಾ ವಿಶ್ವವಿದ್ಯಾಲಯದ ಶಿಕ್ಷಕರ ಕಾಲೇಜಿನಲ್ಲಿ ಶಿಶುಶಿಕ್ಷಣದ ಸ್ನಾತಕೋತ್ತರ ಪದವಿಯನ್ನೂ ಮುಗಿಸಿ, ಮುಂದೆ ಮ್ಯಾನ್‌ಹಟನ್ನಿನ ಹ್ಯಾಮಿಲ್ಟನ್-ಮ್ಯಾಡಿಸನ್ ಶಿಶುಪಾಲನಾ ಕೇಂದ್ರದ ನಿರ್ದೇಶಕಿಯಾದರು. 1959ರಿಂದ 1964ರವರೆಗೆ ನಗರಾಡಳಿತದ ಶಿಶುಪಾಲನಾ ವಿಭಾಗದಲ್ಲಿ ಶಿಕ್ಷಣ ಸಲಹೆಗಾರ್ತಿಯಾಗಿದ್ದರು. ಅಂದರೆ ಸುಮಾರು ಹದಿನೆಂಟು ವರ್ಷ ಅವರ ದುಡಿಮೆಯೆಲ್ಲ ನಡೆದದ್ದು ಕೆಲಸಕ್ಕೆ ಹೊರಟ ತಾಯಿಯ ಕೈಯಿಂದ ಮಗುವನ್ನು ಇಸಿದುಕೊಳ್ಳುವ ಜಾಗದ ಸುತ್ತಲೇ. ಅವರ ಮಸೂದೆಗಳೆಲ್ಲ ಹುಟ್ಟಿದ್ದು ಆ ಬಾಗಿಲಲ್ಲೇ ಎಂಬುದು ನನ್ನ ವಾದ. ಮಗುವನ್ನು ಒಪ್ಪಿಸಿ ಹೋಗುವ ತಾಯಿ ಯಾರ ಮನೆಯ ಪಾತ್ರೆ ತೊಳೆಯಲು ಹೋಗುತ್ತಿದ್ದಾಳೆ, ಆ ಕೆಲಸ ತಪ್ಪಿದ ವಾರ ಏನು ತಿನ್ನುತ್ತಾಳೆ, ಒಪ್ಪಿಸಿಕೊಳ್ಳುವ ಶಿಕ್ಷಕಿಯೇ ಬಸುರಿಯಾದರೆ ಅವಳ ಗತಿಯೇನು, ಈ ಮಗು ಹದಿನೆಂಟು ತುಂಬಿದಾಗ ಕಾಲೇಜಿನ ಮೆಟ್ಟಿಲು ಹತ್ತೀತೇ — ಇವು ಪಠ್ಯಕ್ರಮದ ಪ್ರಶ್ನೆಗಳಲ್ಲ, ಆದರೆ ಶಿಕ್ಷಕಿಯಲ್ಲದವರ ಕಣ್ಣಿಗೆ ಒಟ್ಟಾಗಿ ಕಾಣುವ ಪ್ರಶ್ನೆಗಳೂ ಅಲ್ಲ.

1964ರ ಚುನಾವಣೆಯಲ್ಲಿ ಗೆದ್ದು 1965ರಿಂದ 1968ರವರೆಗೆ ಅವರು ನ್ಯೂಯಾರ್ಕಿನ ಶಾಸನಸಭೆಯಲ್ಲಿದ್ದರು. ಕ್ಷೇತ್ರಗಳ ಗಡಿ ಬದಲಾಗುತ್ತ ಹೋದದ್ದರಿಂದ 1965, 1966ರಲ್ಲಿಯೂ ಮತ ಕೇಳಬೇಕಾಯಿತು. ಮೂರು ವರ್ಷದಲ್ಲಿ ಮೂರು ಚುನಾವಣೆ. ಅವರ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ‘ಸೀಕ್’ (‘ಶಿಕ್ಷಣ, ಉನ್ನತಿ, ಜ್ಞಾನದ ಹುಡುಕಾಟ’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು) ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಯೋಜನೆ. ಪರ್ಸಿ ಸಟನ್ ಮೊದಲಾದ ಸಹಶಾಸಕರೊಂದಿಗೆ ಸೇರಿ ಚಿಸಮ್ 1966ರಲ್ಲಿ ಇದಕ್ಕೆ ಕಾನೂನಿನ ಬಲ ದೊರಕಿಸಿದರು. ಬಡ ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ಓದಿ ಅಂಕ ಕಡಿಮೆ ಬಂದ ವಿದ್ಯಾರ್ಥಿಗೆ ಸಾಮಾನ್ಯವಾಗಿ ಎರಡು ದಾರಿ: ಒಂದೋ ಬಾಗಿಲಲ್ಲೇ ತಡೆಯುವುದು, ಇಲ್ಲವೇ ಕನಿಕರದಿಂದ ಒಳಗೆ ಬಿಟ್ಟು ಮೊದಲ ವರ್ಷವೇ ಮುಗ್ಗರಿಸುವುದನ್ನು ನೋಡುತ್ತ ನಿಲ್ಲುವುದು. ‘ಸೀಕ್’ ಈ ಎರಡನ್ನೂ ಬಿಟ್ಟಿತು. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಅಂಥವರನ್ನು ಸೇರಿಸಿಕೊಂಡು, ಬರವಣಿಗೆಯಲ್ಲೋ ಗಣಿತದಲ್ಲೋ ಉಳಿದುಹೋದದ್ದನ್ನು ಪ್ರತ್ಯೇಕವಾಗಿ ತೀವ್ರವಾಗಿ ಕಲಿಸಿ, ಸಲಹೆಗಾರರನ್ನು ಒದಗಿಸಿ, ಅದರ ಜೊತೆಗೆ ಕೈಖರ್ಚಿಗೆ ಹಣವನ್ನೂ ಕೊಟ್ಟಿತು. ಹಣದ ಮಾತು ಚಿಕ್ಕದಲ್ಲ. ಕಲಿಕೆಯಲ್ಲಿ ಹಿಂದುಳಿದ ಹುಡುಗ ಸಂಜೆ ಅಂಗಡಿಯಲ್ಲಿ ದುಡಿಯಲೇಬೇಕಾದರೆ ಅವನಿಗೆ ಹೆಚ್ಚುವರಿ ತರಗತಿ ಇಟ್ಟೇನು ಪ್ರಯೋಜನ? ಆರು ದಶಕ ಸಮೀಪಿಸುವವರೆಗೂ ಉಳಿದುಕೊಂಡು ಬಂದಿರುವ ಈ ಯೋಜನೆಯಲ್ಲಿ ಮೊದಲ ವರ್ಷಗಳಲ್ಲಿ ಮುಂದೆ ಹೆಸರಾದ ಹಲವು ಕವಿಗಳು ಬರವಣಿಗೆಯ ಪಾಠ ಹೇಳಿದ್ದಾರೆ. ಚಿಕ್ಕವರ ತರಗತಿಯಲ್ಲಿ ಕೂತು ರಬ್ಬರ್ ಬ್ಯಾಂಡ್ ಹೊಡೆಯುತ್ತಿದ್ದ ಹುಡುಗಿ ತನಗೆ ದಕ್ಕಿದ ಆ ಪ್ರತ್ಯೇಕ ಪಾಠವನ್ನು ಒಂದು ರಾಜ್ಯದ ಹೊಣೆಯಾಗಿ ಮಾಡಿದಳೆಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಹಾಗೆಂದು ಅವರೇ ಹೇಳಿಕೊಂಡರೆಂದಲ್ಲ. ಇದು ನನ್ನ ಓದು.

ಎರಡನೆಯದು ಮನೆಗೆಲಸದವರ ನಿರುದ್ಯೋಗ ವಿಮೆ. ಮಾಲೀಕರು ಕಟ್ಟುವ ತೆರಿಗೆಯಿಂದ ನಿಧಿಯೊಂದನ್ನು ಕೂಡಿಸಿ, ತನ್ನ ತಪ್ಪಿಲ್ಲದೆ ಕೆಲಸ ಕಳೆದುಕೊಂಡವರಿಗೆ ಕೆಲವು ವಾರಗಳ ಕಾಲ ಅದರಿಂದ ಹಣ ಕೊಡುವ ಈ ವ್ಯವಸ್ಥೆ ಅಮೆರಿಕದಲ್ಲಿ 1935ರ ಸಾಮಾಜಿಕ ಭದ್ರತಾ ಕಾಯ್ದೆಯೊಂದಿಗೆ ಬಂದಿತ್ತು. ಆದರೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ, ಎಂದರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರು ಹೆಚ್ಚಾಗಿ ದುಡಿಯುತ್ತಿದ್ದ ಎರಡು ಕಸುಬುಗಳನ್ನು, ಆ ಕಾಯ್ದೆ ಹೊರಗಿಟ್ಟಿತ್ತು. ನ್ಯೂಯಾರ್ಕಿನ ಮಟ್ಟಿಗೆ ಆ ಬಾಗಿಲನ್ನು ಮನೆಗೆಲಸದವರಿಗೆ ತೆರೆಸಿದ್ದು ಚಿಸಮ್ ಅವರ ಮಸೂದೆ. ಮನೆಗೆಲಸದವಳ ಮಗಳೇ ಅದನ್ನು ಮಂಡಿಸಿದ್ದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ತಮ್ಮ ವೃತ್ತಿಬಾಂಧವರಿಗೆ ಸಂಬಂಧಿಸಿದ್ದು ಮೂರನೆಯದು. ಬಸುರಾಗಿ ರಜೆ ಹೋದ ಶಿಕ್ಷಕಿ ಮರಳಿ ಬಂದಾಗ ಅವಳ ಸೇವಾಹಿರಿತನ, ಕಾಯಂ ಹುದ್ದೆಯ ಹಕ್ಕು ಕಳೆದುಹೋಗುತ್ತಿತ್ತು. ಹಾಗಾಗಬಾರದೆಂದು ಚಿಸಮ್ ಕಾನೂನು ಮಾಡಿಸಿದರು. ಬಸುರಿ ಶಿಕ್ಷಕಿಯರನ್ನು ಹೆರಿಗೆಗೆ ತಿಂಗಳುಗಟ್ಟಲೆ ಮೊದಲೇ ಕಡ್ಡಾಯವಾಗಿ ಮನೆಗೆ ಕಳುಹಿಸುವ ನಿಯಮಗಳನ್ನು ಅಮೆರಿಕದ ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 1974ರಲ್ಲಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆಲ್ಬನಿಯ ಈ ಹೆಜ್ಜೆ ಎಷ್ಟು ಮುಂದಿತ್ತೆಂದು ಗೊತ್ತಾಗುತ್ತದೆ. ಇದು ಶಿಕ್ಷಕರ ಸೇವಾ ನಿಯಮದ ವಿಚಾರವೇ ಅಲ್ಲವೇ ಎಂದು ತಾವು ಕೇಳಬಹುದು. ಹೌದು, ಅದೇ. ಸೇವಾ ನಿಯಮದ ಮಾತೆತ್ತುವುದು ಕೀಳೆಂದು ನಾನು ಭಾವಿಸಿಲ್ಲ. ಅದೊಂದೇ ಮಾತಾದಾಗ ಮಾತ್ರ ತಮ್ಮ ದೂರಿಗೆ ನನ್ನದೂ ದನಿ ಸೇರುತ್ತದೆ.

ಕನ್ನಡದ ಓದುಗರಿಗೆ ಹೆಚ್ಚು ಹತ್ತಿರವಾಗಬಹುದಾದ ಇನ್ನೊಂದು ವಿಷಯವಿದೆ. 1921ರ ತಿದ್ದುಪಡಿಯ ಪ್ರಕಾರ ನ್ಯೂಯಾರ್ಕಿನಲ್ಲಿ ಹೊಸದಾಗಿ ಮತದಾರರಾಗುವವರು ಇಂಗ್ಲಿಷ್ ಓದಿ ಬರೆಯಬಲ್ಲೆವೆಂದು ತೋರಿಸಬೇಕಿತ್ತು. ಸ್ಪ್ಯಾನಿಷಿನಲ್ಲಿ ಪತ್ರಿಕೆ ಓದಿ, ಲೆಕ್ಕ ಬರೆದು, ಪತ್ರ ವ್ಯವಹಾರ ಮಾಡುವ, ಅಮೆರಿಕದ ಆಡಳಿತಕ್ಕೆ ಸೇರಿದ ಪೋರ್ಟೊ ರಿಕೊ ದ್ವೀಪ ಮೂಲದವರು ಇದರಿಂದಾಗಿ ಅನಕ್ಷರಸ್ಥರ ಲೆಕ್ಕಕ್ಕೆ ಸೇರುತ್ತಿದ್ದರು. ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿತಿದ್ದ ಚಿಸಮ್, ತಾಯ್ನುಡಿಯಲ್ಲಿ ಹೆಚ್ಚು ಸಲೀಸಾಗಿ ವ್ಯವಹರಿಸುವುದು ಅನಕ್ಷರತೆಯ ಗುರುತಲ್ಲವೆಂದು ಸದನದಲ್ಲಿ ವಾದಿಸಿದರು. 1965ರ ಕೇಂದ್ರದ ಮತದಾನ ಹಕ್ಕು ಕಾಯ್ದೆ, ಪೋರ್ಟೊ ರಿಕೊದ ಶಾಲೆಯಲ್ಲಿ ಆರನೆಯ ತರಗತಿ ಮುಗಿಸಿದವರನ್ನು ಇಂಗ್ಲಿಷಿನ ನೆಪದಲ್ಲಿ ತಡೆಯಬಾರದೆಂದಿತು, ಮರುವರ್ಷ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಸೋಲುಗಳನ್ನು ಮರೆಮಾಚಿದರೆ ಕಳೆದ ಸಂಚಿಕೆಯ ತಪ್ಪನ್ನೇ ಮತ್ತೆ ಮಾಡಿದಂತಾದೀತು. ನಾಲ್ಕು ವರ್ಷದಲ್ಲಿ ಅವರು ಮಂಡಿಸಿದ 50 ಮಸೂದೆಗಳಲ್ಲಿ ಅಂಗೀಕಾರವಾದದ್ದು 8. ಅದಕ್ಕಿಂತ ಹೆಚ್ಚು ನೋವಿನ ಸಂಗತಿಯೆಂದರೆ, ಅವರು ಜೀವಮಾನದ ಕಸುಬನ್ನಾಗಿ ಮಾಡಿಕೊಂಡಿದ್ದ ಶಿಶುಪಾಲನೆಯೇ ಕೈಗೂಡದೆ ಉಳಿದದ್ದು. ಶಿಶುಪಾಲನಾ ಕೇಂದ್ರಗಳಿಗೆ ರಾಜ್ಯದ ನೆರವು ಸಿಗಬೇಕೆಂದು ಆಲ್ಬನಿಯಲ್ಲಿ ಮಸೂದೆ ತಂದರು; 1971ರಲ್ಲಿ ಕಾಂಗ್ರೆಸ್ಸಿನಲ್ಲಿ ಸಹಸದಸ್ಯೆ ಬೆಲ್ಲಾ ಆಬ್ಜಗ್ ಜೊತೆಗೂಡಿ ಸಾವಿರ ಕೋಟಿ ಡಾಲರಿನ ಶಿಶುಪಾಲನಾ ಮಸೂದೆ ಮಂಡಿಸಿದರು; ಅದೇ ವರ್ಷ ಎರಡೂ ಸದನಗಳು ಒಪ್ಪಿದ ಸಮಗ್ರ ಶಿಶು ಅಭಿವೃದ್ಧಿ ಮಸೂದೆಯನ್ನು ಡಿಸೆಂಬರ್ 9ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕದೆ ಹಿಂದಿರುಗಿಸಿದರು. ಆ ದೇಶದಲ್ಲಿ ಅಂಥ ಸಾರ್ವತ್ರಿಕ ವ್ಯವಸ್ಥೆ ಆಮೇಲೂ ಬರಲಿಲ್ಲ. ಮನೆಗೆಲಸದವರ ವಿಷಯದಲ್ಲಿ ಮಾತ್ರ ಅದೃಷ್ಟ ಬೇರೆಯಿತ್ತು. 1972ರಲ್ಲಿ ಗುಂಡೇಟು ತಿಂದು ಆಸ್ಪತ್ರೆಯಲ್ಲಿದ್ದ, ವರ್ಣಭೇದದ ಕಟ್ಟಾಳು ಎನಿಸಿದ್ದ, ದಕ್ಷಿಣದ ಆಲಬಾಮಾ ರಾಜ್ಯದ ಗವರ್ನರ್ ಜಾರ್ಜ್ ವಾಲೇಸ್ ಅವರನ್ನು ಚಿಸಮ್ ನೋಡಲು ಹೋದದ್ದಕ್ಕೆ ಅವರ ಕ್ಷೇತ್ರದವರೇ ಸಿಡಿದೆದ್ದಿದ್ದರು. ಆದರೆ 1974ರಲ್ಲಿ ಮನೆಗೆಲಸದವರನ್ನು ಕನಿಷ್ಠ ವೇತನದ ಕಾಯ್ದೆಯೊಳಗೆ ತರುವಾಗ ದಕ್ಷಿಣದ ಸದಸ್ಯರ ಮತಗಳನ್ನು ಕೂಡಿಸಲು ನೆರವಾದವರು ಇದೇ ವಾಲೇಸ್.

ಈಗ ತಮ್ಮ ಎರಡನೆಯ ಆಕ್ಷೇಪಕ್ಕೆ ಬರುತ್ತೇನೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳು. ಸಂವಿಧಾನದ 171ನೆಯ ವಿಧಿಯ ಪ್ರಕಾರ ಅಲ್ಲಿ ಮತದಾರರಾಗುವವರು ಪ್ರೌಢಶಾಲೆಗಿಂತ ಕೆಳಗಿಲ್ಲದ ಸಂಸ್ಥೆಗಳಲ್ಲಿ ಕನಿಷ್ಠ ಮೂರು ವರ್ಷ ಪಾಠ ಹೇಳಿದವರು ಮಾತ್ರ. ತಮಗೆ ಮತವಿತ್ತು, ಒಂದನೆಯ ತರಗತಿಗೆ ಅ ಆ ತಿದ್ದಿಸುವವರಿಗಿಲ್ಲ, ಅಂಗನವಾಡಿ ಕಾರ್ಯಕರ್ತೆಗಂತೂ ಇಲ್ಲವೇ ಇಲ್ಲ. ಚಿಸಮ್ ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿ ಶಿಶುವಿಹಾರ ನಡೆಸಿದ್ದರೆ ಶಿಕ್ಷಕರ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಅವರ ಹೆಸರೇ ಇರುತ್ತಿರಲಿಲ್ಲ. ಹಾಗಿರುವಾಗ ಆ ಕ್ಷೇತ್ರದಿಂದ ಬಂದವರು ಮತದಾರರ ವೇತನ, ಪಿಂಚಣಿಯನ್ನೇ ಹಿಡಿದು ಕೂರುವುದರಲ್ಲಿ ಅವರ ಸ್ವಭಾವದ ತಪ್ಪಿಗಿಂತ ಆ ಪಟ್ಟಿಯ ತಪ್ಪು ಹೆಚ್ಚೆಂದು ನನಗೆ ತೋರುತ್ತದೆ. ಚಿಸಮ್ ಗೆದ್ದದ್ದು ಶಿಕ್ಷಕರ ಮತದಿಂದಲ್ಲ, ಮಕ್ಕಳ ತಾಯಂದಿರೂ ಇದ್ದ ಬೀದಿಗಳ ಮತದಿಂದ.

ನಮ್ಮ ಕಚೇರಿಯ ಬೀದಿಯ ಕೊನೆಯಲ್ಲಿ ಒಂದು ಅಂಗನವಾಡಿಯಿದೆ. ಎದುರಿನ ಅಪಾರ್ಟ್‌ಮೆಂಟಿಗೆ ಮನೆಗೆಲಸಕ್ಕೆ ಹೋಗುವ ಹೆಂಗಸರು ಬೆಳಗ್ಗೆ ಏಳಕ್ಕೆಲ್ಲ ಮಕ್ಕಳನ್ನು ಅದರ ಜಗಲಿಯ ಮೇಲೆ ‘ದೊಡ್ಡವಳ’ ಸುಪರ್ದಿಗೆ ಬಿಟ್ಟು ಹೋಗುತ್ತಾರೆ. ದೊಡ್ಡವಳೆಂದರೆ ಏಳೆಂಟು ವರ್ಷದ ಹುಡುಗಿ, ಕಂಕುಳಲ್ಲಿ ತಮ್ಮ, ಕೈಯಲ್ಲಿ ರಸ್ಕಿನ ಪೊಟ್ಟಣ. ಬೀಗ ತೆಗೆಯುವುದು ಒಂಬತ್ತರ ಮೇಲೆ. ಮನೆಗೆಲಸದವರಿಗೆ ಕರ್ನಾಟಕ 2004ರಷ್ಟು ಹಿಂದೆಯೇ ಕನಿಷ್ಠ ವೇತನ ಗೊತ್ತುಪಡಿಸಿದೆ, ಉದ್ಯೋಗ ಖಾತರಿಯ ಕೂಲಿಕಾರರ ಮಕ್ಕಳಿಗೆ 2023ರಲ್ಲಿ ‘ಕೂಸಿನ ಮನೆ’ಗಳನ್ನೂ ಘೋಷಿಸಿದೆ. ಆದರೂ ಏಳರಿಂದ ಒಂಬತ್ತರವರೆಗಿನ ಆ ಎರಡು ಗಂಟೆಯನ್ನು ಯಾವ ಸದನದಲ್ಲಿ ಯಾರು ಎತ್ತಬೇಕು? ವೇತನ, ವರ್ಗಾವಣೆ, ಪಿಂಚಣಿ ಎಂದು ತಾವು ಕೊಟ್ಟ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ, ನಿಜ. ಚಿಸಮ್ ಅವರ ಕಿರುಪರಿಚಯ ಅಚ್ಚು ಹಾಕುವಾಗ ನಮ್ಮ ಮನಸ್ಸಿನಲ್ಲಿದ್ದದ್ದು ಇದು, ಕಾಗದದ ಮೇಲೆ ಬಾರದೆ ಹೋದದ್ದೂ ಇದೇ.

ತಮ್ಮ ಕಡೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಹಿಡಿದದ್ದುಂಟು. 1983ರ ಜನವರಿಯಲ್ಲಿ ಕಾಂಗ್ರೆಸ್ಸಿನಿಂದ ನಿವೃತ್ತರಾದ ಚಿಸಮ್, ಅದೇ ವರ್ಷ ಮ್ಯಾಸಚೂಸೆಟ್ಸಿನ ಮೌಂಟ್ ಹೋಲಿಯೋಕ್ ಎಂಬ ಹೆಣ್ಣುಮಕ್ಕಳ ಕಾಲೇಜಿಗೆ ಸೇರಿ, 1987ರವರೆಗೆ ಅಲ್ಲಿ ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಪಾಠ ಹೇಳಿದರು.

— ಸಂಪಾದಕ